ನಾಕು ಬೊಟ್ಟಿನ ಹೂಳು

ಕೃಷ್ಣೆಯ ನೀರು ನಾರಾಯಣಪುರದ ಅಣೆಕಟ್ಟಿನಿಂದ ಹೊರಟು, ಊರೂರು ದಾಟಿ, ಬೇವಿನಾಳದ ಕಾಲುವೆ ಗೇಟಿನ ಮುಂದೆ ಕೈಕಟ್ಟಿ ನಿಂತು, "ಪರಮಣ್ಣಾ, ಒಳಗ ಬರ್ಲೇನು?" ಎಂದು ಕೇಳಿದ ಮೇಲೆಯೇ ಮುಂದೆ ಹರಿಯುತ್ತಿತ್ತು. ಹಾಗೆಂದು ಹೇಳುತ್ತಿದ್ದವನು ಪರಮಣ್ಣನೇ. ಗೇಟಿನ ಕೀಲಿಕೈ ಅವನ ಉಡದಾರದಲ್ಲೇ ತೂಗುತ್ತಿದ್ದುದರಿಂದ ಊರಿನವರೂ ಹೌದು ಹೌದು ಎನ್ನುತ್ತಿದ್ದರು. ಅವನ ಮೀಸೆಯಂತೂ ಶಹಾಪುರದಿಂದ ಸುರಪುರದವರೆಗೆ ಹೆಸರಾದದ್ದು. ಅದರ ಎಡತುದಿಯ ನೆರಳಲ್ಲಿ ಒಂದು ಎಮ್ಮೆ, ಬಲತುದಿಯ ನೆರಳಲ್ಲಿ ಅದರ ಕರು ಮಲಗಬಹುದಿತ್ತು. "ಹನ್ನೆರಡು ವರ್ಷದಾಂವ ಇದ್ದಾಗೇ ಇದು ಹಿಂಗ ಇತ್ತು" ಎಂದು ಅದನ್ನು ತಿರುವುತ್ತಿದ್ದ.

ಇಂಥ ಮೀಸೆಯ ಮಗ ವೆಂಕಟಪ್ಪ. ಹದಿನೈದು ತುಂಬಿದ್ದರೂ ಅವನನ್ನು ಜೋಳದ ಹೊಲದಲ್ಲಿ ಬಿಟ್ಟರೆ ಹುಡುಕಲು ನಾಲ್ಕು ಊರಿನ ಮಂದಿ ಬೇಕಾಗುತ್ತಿತ್ತು. ತಲೆ ಮಾತ್ರ ಭಾರಿ. ಮೇಷ್ಟರು ಲೆಕ್ಕ ಹೇಳಿ ಮುಗಿಸುವ ಮೊದಲೇ ಉತ್ತರ ಹೇಳಿ, ಮೇಷ್ಟರ ತಪ್ಪನ್ನೂ ತಿದ್ದುತ್ತಿದ್ದ. ಆದರೆ ಓರಗೆಯ ಹುಡುಗರ ದನಿ ಒಡೆದು, ತುಟಿಯ ಮೇಲೆ ಕಪ್ಪು ಮೂಡಿ, ಭುಜ ಅಗಲವಾಗಿದ್ದಾಗ ಇವನದು ಮಾತ್ರ ಹಾಲುಗಲ್ಲ, ಕೊಳಲಿನಂಥ ದನಿ.

ಯಾದಗಿರಿ ಹೊಸ ಜಿಲ್ಲೆಯಾದ ವರ್ಷ ಅದು. ಜನವರಿಯ ಒಂದು ದಿನ ಅಪ್ಪ ಮಗ ಇಬ್ಬರೂ ಸುರಪುರದ ಕಾಲೇಜು ನೋಡಿಕೊಂಡು ಬರಲು ಹೋದರು. ಹತ್ತನೇ ತರಗತಿ ಮುಗಿದ ಮೇಲೆ ಅಲ್ಲಿ ವಿಜ್ಞಾನ ಓದುವುದು ವೆಂಕಟಪ್ಪನ ಆಸೆ. ಕಾಲೇಜಿನ ಬಾಗಿಲಲ್ಲಿದ್ದ ಕಾವಲುಗಾರ ಅವನ ಕೆನ್ನೆ ಹಿಂಡಿ, "ತಮ್ಮಾ, ಅಂಗನವಾಡಿ ಹಿಂದಿನ ಓಣ್ಯಾಗ ಅದ" ಎಂದ. ಅಲ್ಲಿದ್ದ ನೂರು ಮಂದಿ ನಕ್ಕರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಅಮೀನಸಾಬ ಕೇಳದೆಯೇ ಒಂದು ಫುಲ್, ಒಂದು ಹಾಫ್ ಟಿಕೀಟು ಹರಿದುಕೊಟ್ಟ. ಕಾಲೇಜಿನಲ್ಲಿ ತಡೆದಿದ್ದ ಕಣ್ಣೀರು ಆ ಹಾಫ್ ಟಿಕೀಟಿನ ಮೇಲೆ ಬಿತ್ತು.

ಮನೆಗೆ ಬಂದವನೇ ಹುಡುಗ ಪುಸ್ತಕಗಳನ್ನು ಸಂದೂಕಕ್ಕೆ ಹಾಕಿ ಮೇಲೆ ಕೂತ.

"ನಾ ಹಿಂಗೇ ಇದ್ರ ಕಾಲೇಜಿಗೆ ಹೋಗಂಗಿಲ್ಲ. ಪರೀಕ್ಷಿ ಮುಗಿಸಿ ಕುರಿ ಕಾಯಾಕ ಹೋಗ್ತೀನಿ. ಕುರಿ ಯಾರ ಎತ್ತರಾನೂ ಕೇಳಂಗಿಲ್ಲ."

ತಾಯಿ ಅಯ್ಯಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವಳು ರೊಟ್ಟಿ ಬಡಿಯುವ ಸದ್ದು ನಿಂತರೆ ಓಣಿಯವರೆಲ್ಲ ಏನಾಯಿತೆಂದು ಹೊರಗೆ ಬರುತ್ತಿದ್ದರು.

"ಕೇಳಿದ್ರೇನು?" ಎಂದಳು ಗಂಡನಿಗೆ. "ನೀರಿಗೆ ಗೇಟ್ ಎತ್ತೂದು ಗೊತ್ತದ. ಮಗನ ಕಡೆ ಯಾವಾಗ ನೋಡ್ತೀರಿ?"

ನೋಡದೆ ಏನು? ಪರಮಣ್ಣ ತನ್ನದೇ ರೀತಿಯಲ್ಲಿ ನೋಡುತ್ತಲೇ ಇದ್ದ. ಗೇಟಿನ ಪಕ್ಕದ ಸಿಮೆಂಟು ಗೋಡೆಯ ಮೇಲೆ ಕಾಲುವೆಯ ತಳದಿಂದ ಮೇಲಿನವರೆಗೆ ಸೆಂಟಿಮೀಟರಿನ ಗೆರೆ, ಅಂಕಿ ಬರೆದಿದ್ದರು. ಅದಕ್ಕೆ ಗೇಜು ಎನ್ನುತ್ತಾರೆ. ನೀರು ಯಾವ ಗೆರೆಗಿದೆ ಎಂದು ದಿನಾ ನೋಡಿ ಮೇಲಿನವರಿಗೆ ತಿಳಿಸುವುದು ಪರಮಣ್ಣನ ಕೆಲಸ. ಇಪ್ಪತ್ತು ವರ್ಷ ಅದನ್ನೇ ನೋಡಿ ನೋಡಿ ಅವನಿಗೆ ಲೋಕದಲ್ಲಿ ಬೇರೆ ಅಳತೆಯ ಮೇಲೆ ನಂಬಿಕೆಯೇ ಉಳಿದಿರಲಿಲ್ಲ. ಕೊಂಡ ಎತ್ತು, ಕಡಿದ ಬೇವಿನ ತೊಲೆ, ಒಮ್ಮೆ ತಂಗಿಗೆ ನೋಡಿದ ವರ, ಎಲ್ಲವನ್ನೂ ಗೇಜಿನ ಮುಂದೆ ನಿಲ್ಲಿಸಿಯೇ ಒಪ್ಪಿದ್ದ. ನೀರು ನಿಂತ ದಿನಗಳಲ್ಲಿ ಮಗನನ್ನೂ ಕಾಲುವೆಗೆ ಇಳಿಸಿ ಗೋಡೆಗೆ ಬೆನ್ನು ಹಚ್ಚಿಸಿ ನಿಲ್ಲಿಸುತ್ತಿದ್ದ. ಆ ಜನವರಿಯಲ್ಲಿ ಹುಡುಗನ ನೆತ್ತಿ ನೂರ ನಲವತ್ತೈದರ ಗೆರೆಗೆ ಇತ್ತು. ವರ್ಷಕ್ಕೆ ಎರಡು ಬೆರಳು ಏರಿದರೆ ಅದೇ ಹೆಚ್ಚು.

ಯಾದಗಿರಿಯಲ್ಲಿ ತಿಂಗಳಿಗೊಮ್ಮೆ ಹೈದರಾಬಾದಿನಿಂದ ರೈಲಿನಲ್ಲಿ ಬಂದು, ಬೆಳೆಯದ ಮಕ್ಕಳನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆಂದು ಶಾಲೆಯ ಮೇಷ್ಟರು ಹೇಳಿದರು. ಹೆಸರು ನಜೀಮಾ. ಯಾದಗಿರಿಯಲ್ಲೇ ಹುಟ್ಟಿದವರು. ಒಂದು ಮುಂಜಾನೆ ಪರಮಣ್ಣ, ಅಯ್ಯಮ್ಮ, ವೆಂಕಟಪ್ಪ ಹೊರಟರು. ಪರಮಣ್ಣನ ತಾಯಿ ಮುದುಕಮ್ಮ ಯಾರೂ ಕರೆಯದಿದ್ದರೂ ಎಲ್ಲರಿಗಿಂತ ಮೊದಲು ಬಸ್ಸೇರಿ ಕಿಟಕಿ ಹಿಡಿದಿದ್ದಳು. ಅವಳಿಗೆ ನೂರು ವರ್ಷವೋ ನೂರಿಪ್ಪತ್ತೋ ಅವಳಿಗೇ ಗೊತ್ತಿರಲಿಲ್ಲ. ಹಲ್ಲು ಎರಡೇ ಇದ್ದರೂ ಆ ಎರಡರಲ್ಲಿ ಕಬ್ಬಿಣದ ಕಡಲೆ ಮುರಿಯುತ್ತಿದ್ದಳು.

ಡಾಕ್ಟರು ಹುಡುಗನನ್ನು ತೂಗಿದರು, ಗೋಡೆಯ ಪಟ್ಟಿಗೆ ನಿಲ್ಲಿಸಿ ಎತ್ತರ ನೋಡಿದರು, ಪರದೆಯ ಹಿಂದೆ ಪರೀಕ್ಷಿಸಿದರು. ಒಂದು ಹಳದಿ ಕಾರ್ಡಿನಲ್ಲಿ ನೂರ ಮೂವತ್ತೆಂಟು ಎಂದು ಬರೆದರು.

ಪರಮಣ್ಣನಿಗೆ ಸಿಟ್ಟು ಬಂತು. "ನೂರ ನಲವತ್ತೈದ್ರಿ ಅವ್ವಾರ. ನಮ್ಮ ಗೇಜಿನ್ಯಾಗ ನಾನೇ ನೋಡೀನಿ. ನಿಮ್ಮ ಪಟ್ಟಿ ಖೋಟಾ ಅದ. ಏಳು ಸೆಂಟಿಮೀಟರ್ ನುಂಗೇದ."

"ಇರ್ಲಿ ಬಿಡ್ರಿ" ಎಂದು ನಕ್ಕು ಡಾಕ್ಟರು ಕೇಳಿದರು, "ಈಗ ಒಂದು ಮಾತು ಖರೇ ಹೇಳ್ರಿ. ನೀವು ಎತ್ತರ ಆಗಿದ್ದು ಯಾವಾಗ? ಮೀಸಿ ಬಂದಿದ್ದು ಎಷ್ಟನೇ ವಯಸ್ಸಿಗೆ?"

ಈ ಪ್ರಶ್ನೆಗಾಗಿಯೇ ಪರಮಣ್ಣ ಭೂಮಿಗೆ ಬಂದಿದ್ದ. ಎದೆ ಉಬ್ಬಿಸಿದಾಗ ಅಂಗಿಯ ಗುಂಡಿ ಹಾರಿ ಎದುರಿನ ಗೋಡೆಗೆ ಬಡಿಯಿತು. "ಹನ್ನೆರಡಕ್ಕ್ರಿ! ಹದಿಮೂರಕ್ಕ ನಾ ನಮ್ಮಪ್ಪನಕಿಂತ ಎತ್ತರ. ನನ್ನ ಮೀಸಿ ನೋಡಿ ಸಾಲ್ಯಾಗ ಹೊಸಾ ಮೇಷ್ಟರು ನನಗೇ ನಮಸ್ಕಾರ ಮಾಡಿದ್ರು."

ಡಾಕ್ಟರ ನಗು ನಿಂತಿತು. ಪೆನ್ನು ಕಾಗದದ ಮೇಲೆ ಓಡತೊಡಗಿತು. "ಅಪ್ಪಗ ಅಷ್ಟು ಲಗು ಬಂದು ಮಗಗ ಬಂದಿಲ್ಲಂದ್ರ ನಾ ಬ್ಯಾರೆ ಯೋಚನಿ ಮಾಡಬೇಕಾಗ್ತದ. ತಲಿಯೊಳಗಿನ ಗ್ರಂಥಿಯೊಳಗೇ ಏನಾರ ಇರಬಹುದು. ಹೈದರಾಬಾದಿಗೆ ಹೋಗಿ ತಲಿ ಸ್ಕ್ಯಾನ್ ಮಾಡಿಸ್ರಿ, ಬರಕೊಡ್ತೀನಿ."

ತಲೆ ಎಂಬ ಮಾತಿಗೆ ಅಯ್ಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಹುಡುಗ ತನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೂಲೆಯ ಸ್ಟೂಲಿನ ಮೇಲಿದ್ದ ಮುದುಕಮ್ಮ ಎದ್ದು ಬಂದು ಪರಮಣ್ಣನ ನೆತ್ತಿಗೆ ಒಂದು ಮೊಟಕಿದಳು. ಆ ಸದ್ದು ಸ್ಟೇಷನ್ನಿನವರೆಗೆ ಕೇಳಿ, ಹೊರಡಬೇಕಿದ್ದ ಗಾಡಿ ಒಂದು ನಿಮಿಷ ನಿಂತಿತು.

"ಸುಳ್ಳರ ಖಾಂದಾನಿನವನೇ! ಡಾಕ್ಟರ ಮುಂದೂ ಬಡಾಯಿ ಕೊಚ್ಚತೀಯೇನೋ? ಯವ್ವಾ, ನೀ ಬರೀಬ್ಯಾಡ, ನಾ ಹೇಳ್ತೀನಿ ಕೇಳು. ಹದಿನೇಳರ ತನಕ ಇವ ನನ್ನ ಸೊಂಟಕ್ಕ ಬರ್ತಿದ್ದ. ಆಮ್ಯಾಲ ಎರಡು ವರ್ಷದಾಗ ಬಿದಿರು ಎದ್ದಂಗ ಎದ್ದ. ಎತ್ತರ ಬಂತು, ಮೀಸಿ ಬರ್ಲಿಲ್ಲ. ಹತ್ತೊಂಬತ್ತಕ್ಕ ಲಗ್ನ. ಬೀಗರು ಹುಡುಗಗ ಮೀಸಿಲ್ಲ ಅಂದಾರಂತ ದೀಪದ ಕಾಡಿಗಿ ಹಚ್ಚಿ ನಾನೇ ಬರ್ದಿದ್ದೆ. ಅಕ್ಕಿಕಾಳು ಬೀಳೂದ್ರಾಗ ಬೆವತು ಮೀಸಿ ಗದ್ದಕ್ಕ ಇಳೀತು."

"ನನ್ನ ಧಾರಿ ಸೀರಿಗೂ ಹತ್ತಿತ್ರಿ" ಎಂದಳು ಅಯ್ಯಮ್ಮ ಮೆಲ್ಲಗೆ. "ಆ ಕಲಿ ಇನ್ನಾ ಹೋಗಿಲ್ಲ."

ಡಾಕ್ಟರು ಪರಮಣ್ಣನ ಕಡೆ ನೋಡಿದರು. ಪರಮಣ್ಣ ಫ್ಯಾನಿನ ಕಡೆ ನೋಡಿದ. ಜೀವನದಲ್ಲಿ ಮೊದಲ ಸಲ ಅವನ ಮೀಸೆಯ ಎರಡೂ ತುದಿ ಕೆಳಗೆ ಬಾಗಿದವು. ಮಗ ಇನ್ನೂ ತಲೆ ಹಿಡಿದುಕೊಂಡೇ ಇದ್ದ. ಅದನ್ನು ನೋಡಿ ಪರಮಣ್ಣ ಡಾಕ್ಟರ ಕಡೆ ತಿರುಗಿದ.

"ನಮ್ಮವ್ವ ಅಂದಿದ್ದು ಖರೇ ಅದರಿ" ಎಂದ. "ಕಾಡಿಗಿ ಮೀಸಿ."

"ಭಾಳ ಚಲೋ ಆತು!" ಎಂದು ಡಾಕ್ಟರು ಬರೆದ ಕಾಗದವನ್ನು ಹರಿದೇಬಿಟ್ಟರು. "ನೀವು ತಡವಾಗಿ ಬೆಳೆದ್ರಿ, ಮಗಾನೂ ಹಂಗೇ ಅದಾನ. ಆದ್ರೂ ರಕ್ತ ಪರೀಕ್ಷಿ ಎಲ್ಲಾ ಮಾಡಿಸೂಣು. ಎಡಗೈದೊಂದು ಎಕ್ಸರೇನೂ ತೆಗೆಸ್ರಿ."

ಎತ್ತರ ಸಾಲದ ಹುಡುಗನ ಕೈಯ ಫೋಟೋ ಯಾಕೆಂದು ಪರಮಣ್ಣನಿಗೆ ಹೊಳೆಯಲಿಲ್ಲ. ಮುಂದಿನ ತಿಂಗಳು ಹೋದಾಗ ಗೊತ್ತಾಯಿತು. ರಕ್ತ ಸರಿ, ಥೈರಾಯ್ಡ್ ಸರಿ, ಯಾವ ಬೇನೆಯೂ ಇಲ್ಲ. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ಹೇಳಿದರು, "ಇವನ ವಯಸ್ಸು ಹದಿನೈದು. ಇವನ ಎಲುಬಿನ ವಯಸ್ಸು ಇನ್ನಾ ಹನ್ನೆರಡೇ."

"ಎಲುಬು ಮೂರು ವರ್ಷ ತಡಮಾಡಿ ಹುಟ್ಯಾವೇನ್ರಿ?" ಎಂದ ಪರಮಣ್ಣ.

"ಅಮೀನಸಾಬಂದು ತಪ್ಪಿಲ್ಲ ಬಿಡು" ಎಂದಳು ಮುದುಕಮ್ಮ. "ಎಲುಬು ನೋಡೇ ಹಾಫ್ ಟಿಕೀಟು ಕೊಟ್ಟಾನ."

ಡಾಕ್ಟರು ಕುರ್ಚಿಯನ್ನು ಹುಡುಗನ ಹತ್ತಿರ ಎಳೆದುಕೊಂಡರು. "ನೋಡಪ್ಪ ವೆಂಕಟಪ್ಪ. ಕಾಲುವಿ ಕಡೀಗೆ ಇರೋ ಹೊಲಕ್ಕ ನೀರು ಎಲ್ಲಾರಕಿಂತ ತಡಮಾಡಿ ಹೋಗ್ತದಲ್ಲ? ಆದ್ರ ಹೋಗ್ತದ. ನಿನ್ನ ದೇಹ ಕಡೀ ಹೊಲ ಇದ್ದಂಗ. ಸುಮ್ಮ ಕಾದ್ರೂ ನಡೀತದ. ಕಾಯಾಕ ಆಗಂಗಿಲ್ಲಂದ್ರ ಒಂದು ಇಂಜೆಕ್ಷನ್ ಅದ, ಟೆಸ್ಟೋಸ್ಟೆರಾನ್ ಅಂತ. ಗಂಡಮಕ್ಕಳ ದೇಹದಾಗ ತಾನೇ ತಯಾರಾಗೋ ವಸ್ತು ಅದು. ತಿಂಗಳಿಗೊಂದು, ಭಾಳ ಸಣ್ಣ ಪ್ರಮಾಣ, ಐದು ತಿಂಗಳು. ಶುರು ಮಾಡಿಸೂದಷ್ಟೇ ಅದರ ಕೆಲಸ. ಮುಂದಿಂದು ನಿನ್ನ ದೇಹ ತಾನೇ ನೋಡಿಕೊಂತದ. ನಿನಗ ಬೇಕೇನು?"

ಎಲ್ಲರೂ ಅಪ್ಪನನ್ನು ಕೇಳುತ್ತಿದ್ದ ಊರಿನಿಂದ ಬಂದ ಹುಡುಗನಿಗೆ, ತನ್ನನ್ನೇ ಕೇಳಿದ್ದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಬೇಕ್ರಿ" ಎಂದ. "ಕಾಲೇಜು ಶುರು ಆಗೂದ್ರಾಗ ಬೇಕ್ರಿ."

"ಒಂದು ಮಾತು ನೆನಪಿಡ್ರಿ" ಎಂದು ಡಾಕ್ಟರು ಪರಮಣ್ಣನತ್ತ ತಿರುಗಿದರು. "ಹೆಚ್ಚು ಕೊಟ್ರ ಲಗು ಬೆಳೀತಾನಂತ ಯಾರಾರ ಹೇಳ್ತಾರ. ಕೇಳಬ್ಯಾಡ್ರಿ. ಎಲುಬಿನ ತುದ್ಯಾಗ ಬೆಳೆಯೋ ಜಾಗ ಇರ್ತದ. ಔಷಧ ಹೆಚ್ಚಾದ್ರ ಅದು ಹೊತ್ತಿಗಿಂತ ಮೊದಲೇ ಮುಚ್ಚಿಕೊಂತದ. ಮುಚ್ಚಿದ ಮ್ಯಾಲ ಅಷ್ಟೇ, ಜಲ್ಮಪೂರ್ತಿ ಅದೇ ಎತ್ತರ."

"ನನಗ ಹೇಳ್ತೀರೇನ್ರಿ? ಗೇಟು ಪೂರಾ ಎತ್ತಿದ್ರ ಕಾಲುವಿ ಒಡೀತದ" ಎಂದ ಪರಮಣ್ಣ. ಮೀಸೆ ಮತ್ತೆ ಮೇಲೆದ್ದಿತ್ತು.

ಮೊದಲ ಸೂಜಿ ಫೆಬ್ರವರಿಯಲ್ಲಿ ಬಿತ್ತು. ಊರಿಗೆ ಬರುವ ಹೊತ್ತಿಗೆ ಪರಮಣ್ಣನ ಬಾಯಿ ಇಂಜೆಕ್ಷನ್ನನ್ನು ಬಂದೂಕಿನಷ್ಟು ದೊಡ್ಡದು ಮಾಡಿತ್ತು. ಹೋಟೆಲಿನ ಮುಂದೆ ನಿಂತು ಸಾರಿಬಿಟ್ಟ: "ಬ್ಯಾಸಗ್ಯಾಗ ಕಾಲುವಿ ಬಂದ್ ಆದ ಮ್ಯಾಲ ಎಲ್ಲಾರೂ ಗೇಜಿನ ಹತ್ರ ಬರ್ರಿ. ನನ್ನ ಮಗ ಬಸ್ಸಿನ ಟಾಪ್ ಮುಟ್ಟಲಿಲ್ಲಂದ್ರ ಈ ಮೀಸಿ ತೆಗೆಸ್ತೀನಿ!"

ಮಾರ್ಚಿನಲ್ಲಿ ಎರಡನೆಯದು, ಏಪ್ರಿಲಿನಲ್ಲಿ ಮೂರನೆಯದು. ಹುಡುಗನ ಹಸಿವು ಬಾಯಿ ತೆರೆಯಿತು. ಒಂದು ಹೊತ್ತಿಗೆ ಒಂಬತ್ತು ರೊಟ್ಟಿ, ಅದು ಸಾಲದೆ ಅಜ್ಜಿಯ ತಟ್ಟೆಗೂ ಕೈ. ಪರೀಕ್ಷೆಗೆ ಹೋಗುವ ಹೊತ್ತಿಗೆ ದನಿ ಒಂದು ಸಲ ಕೊಳಲು, ಒಂದು ಸಲ ಒಡಕು ತಗಡು. ಅಯ್ಯಮ್ಮ ಪ್ಯಾಂಟಿನ ಮಡಿಕೆ ಬಿಚ್ಚಿ ಹೊಲಿದಳು. ತಿಂಗಳಲ್ಲಿ ಅದೂ ಗಿಡ್ಡವಾಯಿತು.

"ನೋಡ್ರಿ, ಪ್ಯಾಂಟು ಮ್ಯಾಲೆ ಹೊಂಟದ" ಎಂದಳು ಗಂಡನಿಗೆ.

"ಕಾಲುವಿ ನೀರಾಗ ಒಗದ್ರ ಅರಿವಿ ಕುಗ್ತದ. ಅರಿವಿ ಮಾತು ಕೇಳಬ್ಯಾಡ. ಗೇಜು ಹೇಳ್ಲಿ, ಆಗ ನೋಡು."

ಏಪ್ರಿಲ್ ಕೊನೆಗೆ ಕಾಲುವೆ ಬಂದ್ ಆಯಿತು. ಮೇ ತಿಂಗಳಲ್ಲಿ ಹೂಳು ತೆಗೆಯುವ ಕೆಲಸ ಬಂತು. ಗೇಟಿನ ಮುಂದಿನ ಜಾಗ ಮಾತ್ರ ತನ್ನ ಸ್ವಂತದ್ದೆಂಬಂತೆ ಪರಮಣ್ಣ ಬೇರೆ ಯಾರಿಗೂ ಬಿಡದೆ ತಾನೇ ಸಲಿಕೆ ಹಿಡಿದ. ಸಂಜೆ ಹೋಟೆಲಿನಲ್ಲಿ ಅವನ ಪ್ರಕಾರ ಹೂಳು ಮೊಳಕಾಲುದ್ದ ಇತ್ತು. ಎರಡನೇ ಚಹಾಕ್ಕೆ ಸೊಂಟದುದ್ದವಾಯಿತು. ಮೂರನೆಯದಕ್ಕೆ ಎದೆಯುದ್ದ, ಅದರೊಳಗೆ ನಿಜಾಮನ ಕಾಲದ ಒಂದು ಆನೆಯ ಕೊಂಬು.

ಮೇ ತಿಂಗಳ ಕೊನೆಯ ವಾರ. ವೆಂಕಟಪ್ಪ ನೂರಕ್ಕೆ ತೊಂಬತ್ಮೂರು ತೆಗೆದು ಪಾಸಾಗಿದ್ದ. ಕಾಲೇಜಿನ ಅರ್ಜಿ ಮನೆಯ ಗೂಡಿನಲ್ಲಿತ್ತು. ಸಹಿ ಮಾಡುವುದು ಗೇಜು ನೋಡಿದ ಮೇಲೆ ಎಂದು ಹುಡುಗ ಹಟ ಹಿಡಿದಿದ್ದ. ಬೆಳಗ್ಗೆ ಎಂಟಕ್ಕೆ ಇಡೀ ಬೇವಿನಾಳ ಕಾಲುವೆಯ ಎರಡೂ ದಂಡೆಯ ಮೇಲೆ ಕೂತಿತ್ತು. ಸುತ್ತಲಿನ ಏಳು ಊರೂ ಬಂದಿದ್ದವು. ಹಡೆಯಬೇಕಿದ್ದ ಎಮ್ಮೆಯೊಂದು ಇದನ್ನು ನೋಡಿಯೇ ಹಡೆಯುತ್ತೇನೆಂದು ತಡೆದುಕೊಂಡಿತ್ತು. ಪರಮಣ್ಣ ಮೀಸೆಗೆ ಎಣ್ಣೆ ಹಚ್ಚಿ ಬಂದ. ಹುಡುಗ ಕಾಲುವೆಗೆ ಇಳಿದು ಗೇಜಿಗೆ ಬೆನ್ನು ಹಚ್ಚಿದ. ಪರಮಣ್ಣ ನೆತ್ತಿಯ ಮೇಲೆ ಸಲಿಕೆಯ ಹಿಡಿಕೆ ಅಡ್ಡ ಇಟ್ಟು ಗೆರೆ ನೋಡಿದ.

ಮತ್ತೆ ನೋಡಿದ. ಕಣ್ಣುಜ್ಜಿ ನೋಡಿದ.

"ಎಷ್ಟ್ ಬಂತೋ ಪರಮಣ್ಣ?" ದಂಡೆಯಿಂದ ಕೂಗಿದರು.

ನೂರ ನಲವತ್ತೊಂದು. ಜನವರಿಗೆ ನೂರ ನಲವತ್ತೈದು ಇದ್ದ ಮಗ ನಾಲ್ಕು ಸೆಂಟಿಮೀಟರ್ ಇಳಿದಿದ್ದ.

ದಂಡೆಯ ಮೇಲೆ ಎದ್ದ ನಗೆಗೆ ಗಿಡದ ಕಾಗೆಗಳೆಲ್ಲ ಗುರುಮಠಕಲ್‌ವರೆಗೆ ಹಾರಿಹೋದವು. "ಏ, ಸೂಜಿ ಚುಚ್ಚಿದ್ದಕ್ಕ ಗಾಳಿ ಹೋಗ್ಯಾದೋ!" ಎಂದ ಒಬ್ಬ. "ಇನ್ನೆರಡು ಚುಚ್ಚಿಸಿದ್ರ ತೊಟ್ಟಿಲಕ್ಕ ಹಾಕಬಹುದು" ಎಂದ ಇನ್ನೊಬ್ಬ. ವೆಂಕಟಪ್ಪ ಯಾರ ಮುಖವನ್ನೂ ನೋಡದೆ ಕಾಲುವೆ ಹತ್ತಿ ಮನೆಗೆ ಓಡಿದ.

ಪರಮಣ್ಣ ಹಿಂದೆ ಹೊರಟಾಗ ಬೀರಣ್ಣ ಅಡ್ಡ ಬಂದ. ಈ ಬೀರಣ್ಣ ಒಂದು ಔಷಧದ ಅಂಗಡಿಯಲ್ಲಿ ನಾಲ್ಕು ವರ್ಷ ಡಬ್ಬಿ ಜೋಡಿಸಿ, ಊರಿಗೆ ಬಂದು ಸೂಜಿ ಚುಚ್ಚುತ್ತಿದ್ದವ. ಅವನ ಒಂದೇ ಸೂಜಿ ಜ್ವರಕ್ಕೂ ಆಗುತ್ತಿತ್ತು, ಎತ್ತಿನ ಕುಂಟುಕಾಲಿಗೂ ಆಗುತ್ತಿತ್ತು.

"ಪರಮಣ್ಣ ಮಾವಾ, ಆ ಡಾಕ್ಟರಮ್ಮ ಪಾವು ಹಾಕೂ ಕಡೆ ಚಿಟಿಕಿ ಹಾಕ್ಯಾಳ. ಅದಕ್ಕ ಹುಡುಗ ಇಳಿದಾನ. ಅದೇ ಔಷಧ ನನ್ನ ಹತ್ರಾನೂ ಅದ. ಮಧ್ಯಾಹ್ನ ಬರ್ತೀನಿ, ಒಮ್ಮಿಗೇ ಮೂರು ಬಾಟ್ಲಿ ಹಾಕ್ತೀನಿ. ಕಾಲೇಜಿಗೆ ಹೋಗೂದ್ರಾಗ ಮಗ ಗೇಟಿನಷ್ಟು ಎತ್ತರ."

ಡಾಕ್ಟರು ಹೇಳಿದ ಮಾತು ಪರಮಣ್ಣನಿಗೆ ನೆನಪಿರಲಿಲ್ಲವೆಂದಲ್ಲ. ಆದರೆ ಏಳು ಊರಿನ ನಗೆ ಕಿವಿಯಲ್ಲಿ ಗುಂಯ್ ಎನ್ನುವಾಗ ಬೇರೆ ಮಾತು ಕೇಳಿಸುವುದು ಕಷ್ಟ. "ಬಾ" ಎಂದುಬಿಟ್ಟ.

ಮನೆಯಲ್ಲಿ ವೆಂಕಟಪ್ಪ ಕಾಲೇಜಿನ ಅರ್ಜಿಯನ್ನು ಒಲೆಯ ಮುಂದೆ ಹಿಡಿದು ಕೂತಿದ್ದ. ಅಯ್ಯಮ್ಮ ಅವನ ಕೈ ಹಿಡಿದಿದ್ದಳು. ಪರಮಣ್ಣ ಬಂದು ಬೀರಣ್ಣನ ವಿಷಯ ಹೇಳಿದ್ದೇ ತಡ, ಅವಳು ಕೈ ಬಿಟ್ಟು ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಆ ಬೀರ್ಯಾ ನನ್ನ ಹೊಸ್ತಿಲಾ ದಾಟಿದ್ರ ರೊಟ್ಟಿ ಬಡಿಯೋ ಕೈಯಾಗ ಅವನ್ನ ಬಡೀತೀನಿ. ಎಲುಬು ಮುಚ್ಚಿಕೊಂತಾವಂತ ಡಾಕ್ಟರು ಹೇಳಿಲ್ಲೇನು?"

"ಬೆಳೆಯೋದಿರ್ಲಿ, ಇಳಿದಾನ! ಗೇಜು ಸುಳ್ಳು ಹೇಳ್ತದೇನು?"

"ಮತ್ತ ಪ್ಯಾಂಟು ಸುಳ್ಳು ಹೇಳ್ತದ? ಚಪ್ಪಲಿ ಸುಳ್ಳು ಹೇಳ್ತದ? ನನ್ನ ಕಣ್ಣು ಸುಳ್ಳು ಹೇಳ್ತದ? ನಿನ್ನಿ ತನಕ ನನ್ನ ಗದ್ದಕ್ಕ ಇದ್ದಾಂವ ಇವತ್ತ ಮೂಗಿಗೆ ಬಂದಾನ. ನಾ ಏನು ದಿನಾ ಕುಗ್ಗಾಕತ್ತೀನೇನು?"

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಮುದುಕಮ್ಮ ಕುಟ್ಟುವುದನ್ನು ನಿಲ್ಲಿಸದೆಯೇ ಕೇಳಿದಳು, "ಪರಮ್ಯಾ, ಎದಿಯುದ್ದ ಹೂಳು ತೆಗದೆ ಅಂದಿದ್ದಿಯಲ್ಲ, ಅದನ್ನ ಎಲ್ಲಿಂದ ತೆಗದಿ?"

"ಎಲ್ಲಿಂದ ಅಂದ್ರ? ಗೇಜಿನ ಬುಡದಿಂದ."

"ಮತ್ತ ಜನವರ್ಯಾಗ ಇವನ್ನ ಯಾವುದರ ಮ್ಯಾಲ ನಿಲ್ಲಿಸಿದ್ದಿ?"

ವೆಂಕಟಪ್ಪನ ಕೈಯಲ್ಲಿದ್ದ ಅರ್ಜಿ ಒಲೆಯಿಂದ ಹಿಂದೆ ಸರಿಯಿತು. ಅವನು ಗೂಡಿನಿಂದ ಡಾಕ್ಟರ ಹಳದಿ ಕಾರ್ಡು ತಂದು ಅಪ್ಪನ ಮುಂದೆ ನಿಂತ.

"ಯಪ್ಪಾ. ಖರೇ ಹೇಳು. ಹೂಳು ಎಷ್ಟಿತ್ತು?"

ಪರಮಣ್ಣ ಬಾಯಿ ತೆರೆದ. ನಾಲಗೆಯ ತುದಿಯಲ್ಲಿ ಎದೆಯುದ್ದದ ಹೂಳು, ಆನೆಯ ಕೊಂಬಿನ ಸಮೇತ ಸಿದ್ಧವಾಗಿ ನಿಂತಿತ್ತು. ಎದೆಯುದ್ದ ಎಂದರೆ ಮಗ ನಾಲ್ಕು ತಿಂಗಳಲ್ಲಿ ಒಂದಾಳು ಬೆಳೆದಂತಾಗುತ್ತದೆ. ಏನೂ ಇರಲಿಲ್ಲ ಎಂದರೆ ಮಗ ಕುಗ್ಗಿದಂತಾಗುತ್ತದೆ. ಎರಡರ ನಡುವೆ ಎಲ್ಲೋ ನಿಜ ಇತ್ತು. ಅದನ್ನು ಹೇಳಿ ಅವನಿಗೆ ರೂಢಿ ಇರಲಿಲ್ಲ. ಮಗನ ಕಣ್ಣು ಅವನ ಬಾಯಿಯ ಮೇಲೇ ಇತ್ತು. ಪರಮಣ್ಣ ನಿಧಾನವಾಗಿ ಬಲಗೈ ಎತ್ತಿ, ಹೆಬ್ಬೆರಳು ಮಡಚಿ, ಉಳಿದ ಬೆರಳುಗಳನ್ನು ಜೋಡಿಸಿ ತೋರಿಸಿದ.

"ನಾಕು ಬೊಟ್ಟು" ಎಂದ. "ನಾಕೇ ಬೊಟ್ಟಪ್ಪ. ಕೊಂಬೂ ಇದ್ದಿಲ್ಲ."

ಹುಡುಗ ಅಪ್ಪನ ಕೈ ಹಿಡಿದು ಶಾಲೆಯ ಸ್ಕೇಲು ಇಟ್ಟ. ಏಳು. ಸರಿಯಾಗಿ ಏಳು.

"ನೂರ ನಲವತ್ತೈದರಾಗ ಏಳು ಕಳೀರಿ!" ಎಂದು ಕೂಗಿದ. ಶುರುವಾದಾಗ ಕೊಳಲಾಗಿದ್ದ ಕೂಗು ಮುಗಿಯುವಾಗ ನಗಾರಿಯಾಗಿತ್ತು. "ನೂರ ಮೂವತ್ತೆಂಟು! ಡಾಕ್ಟರು ಬರದಿದ್ದೂ ಅದೇ! ಅವರ ಪಟ್ಟಿ ಖೋಟಾ ಅಲ್ಲ, ನಾ ನಿಂತಿದ್ದ ಜಾಗ ಖೋಟಾ! ಇವತ್ತ ನೂರ ನಲವತ್ತೊಂದು. ಮೂರು ಸೆಂಟಿಮೀಟರ್ ಬೆಳದೀನಿ ಯವ್ವಾ!"

ಆಮೇಲೆ ಆ ಮನೆಯಿಂದ ಕಾಲುವೆಗೆ ನಾಲ್ವರೂ ಓಡಿದ ಓಟದ ಧೂಳು ಮೂರು ದಿನ ಕೆಳಗಿಳಿಯಲಿಲ್ಲ. ಮುದುಕಮ್ಮ ಎಲ್ಲರಿಗಿಂತ ಮುಂದೆ. ಓಟ ನೋಡಿ ಊರೂ ಹಿಂದೆ ಬಂತು. ಗೇಜಿನ ಗೋಡೆಯ ಬುಡದಲ್ಲಿ ಪರಮಣ್ಣ ಮೊಣಕಾಲೂರಿ ನೋಡಿದ. ಹೂಳು ಕೂತಿದ್ದ ಜಾಗದಲ್ಲಿ ಮಣ್ಣಿನ ಕಲೆ ಇನ್ನೂ ಅಂಟಿಕೊಂಡಿತ್ತು. ಬಣ್ಣ ಬಳಿದಂತೆ ನೇರವಾದ ಗೆರೆ. ಅದರ ಮೇಲಂಚು ಏಳರ ಗೆರೆಗೆ ಇತ್ತು. ಇಪ್ಪತ್ತು ವರ್ಷ ದಿನಾ ಆ ಗೇಜು ಓದಿದವನಿಗೆ ಅದರ ಬುಡವನ್ನು ಒಮ್ಮೆಯೂ ನೋಡಬೇಕೆನಿಸಿರಲಿಲ್ಲ.

"ನೋಡ್ರೋ!" ಎಂದು ಎದ್ದು ನಿಂತು ದಂಡೆಗೆ ಕೂಗಿದ. "ನಾ ಎದಿಯುದ್ದ ಹೂಳು ತೆಗದೆ ಅಂದಿದ್ದು ಸುಳ್ಳು. ಇದ್ದಿದ್ದು ನಾಕು ಬೊಟ್ಟು. ನನ್ನ ಮಗ ಬೆಳದಿದ್ದು ಮೂರು ಸೆಂಟಿಮೀಟರ್, ಇದು ಖರೇ!"

ಪರಮಣ್ಣ ತನ್ನದೇ ಮಾತನ್ನು ಗಿಡ್ಡ ಮಾಡಿದ್ದನ್ನು ಯಾರೂ ಈ ಜನ್ಮದಲ್ಲಿ ನೋಡಿರಲಿಲ್ಲ. ತಡೆದುಕೊಂಡಿದ್ದ ಎಮ್ಮೆ ಆ ಕ್ಷಣಕ್ಕೇ ಹಡೆಯಿತು, ಅದೂ ಅವಳಿ. ಚೀಲ ಹಿಡಿದು ಬಂದಿದ್ದ ಬೀರಣ್ಣ ಅಯ್ಯಮ್ಮನ ಕೈ ನೋಡಿ, ತಾನು ಎತ್ತಿನ ಕುಂಟುಕಾಲು ನೋಡಲು ಬಂದೆನೆಂದು ಹೇಳಿ ಜೋರಾಗಿ ನಡೆದ.

"ಮತ್ತ ಬಸ್ಸಿನ ಟಾಪ್ ಮುಟ್ಟಲಿಲ್ಲಲ್ಲೋ, ಮೀಸಿ ತೆಗೆಸ್ತೀನಂದಿದ್ದಿ!" ಎಂದ ದಂಡೆಯ ಮೇಲಿದ್ದ ಒಬ್ಬ.

"ತೆಗೆಸ್ಲಿ ಬಿಡು" ಎಂದಳು ಮುದುಕಮ್ಮ. "ಮನ್ಯಾಗ ಕಾಡಿಗಿ ಅದ."

ಮೀಸೆ ಅಂದೇ ಹೋಯಿತು. ಅದನ್ನು ಸಾಗಿಸಲು ಎರಡು ಚಕ್ಕಡಿ ಬೇಕಾದವು.

ಮೇ, ಜೂನಿನ ಸೂಜಿಗಳು ಯಾದಗಿರಿಯಲ್ಲೇ ಬಿದ್ದವು, ಡಾಕ್ಟರು ಹೇಳಿದಷ್ಟೇ ಬಿದ್ದವು, ಒಂದು ಹನಿ ಹೆಚ್ಚಿಲ್ಲ. ಜೂನಿನ ಕೊನೆಗೆ ಡಾಕ್ಟರ ಗೋಡೆಯ ಪಟ್ಟಿಯಲ್ಲಿ ಹುಡುಗ ನೂರ ನಲವತ್ತೆರಡರ ಗೆರೆ ಮುಟ್ಟಿದ. "ಇನ್ನ ಸೂಜಿ ಸಾಕು. ಅವನ ದೇಹ ತಾನೇ ಶುರು ಹಚ್ಚೇದ" ಎಂದು ಹೇಳಿ, ಡಾಕ್ಟರು ಪರಮಣ್ಣನ ಬೋಳು ತುಟಿ ನೋಡಿ ಏನೂ ಕೇಳದೆ ನಕ್ಕರು. ಗೇಜಿಗೆ ನಿಲ್ಲಿಸುವುದನ್ನು ಪರಮಣ್ಣ ಬಿಟ್ಟಿದ್ದ. ಮನೆಯ ಬಾಗಿಲಿನ ಚೌಕಟ್ಟಿನಲ್ಲಿ ಈಗ ಚಾಕುವಿನಿಂದ ಕೊರೆದ ಗೆರೆಗಳಿದ್ದವು. ಅದರ ಹೊಸ್ತಿಲಿನ ಮೇಲೆ ಹೂಳು ಕೂರದಂತೆ ಅಯ್ಯಮ್ಮ ದಿನಕ್ಕೆರಡು ಸಲ ಸಾರಿಸುತ್ತಿದ್ದಳು.

ಕಾಲೇಜಿನ ಮೊದಲ ದಿನ ವೆಂಕಟಪ್ಪ ಅಪ್ಪನ ಜೊತೆ ಸುರಪುರದ ಬಸ್ಸೇರಿದ. ಬಸ್ಸು ತುಂಬಿ ತುಳುಕುತ್ತಿತ್ತು. ಅಮೀನಸಾಬ ಜನರನ್ನು ಸೀಳಿಕೊಂಡು ಬಂದ. ತಲೆ ಎತ್ತದೆಯೇ ಟಿಕೀಟಿನ ಮೇಲೆ ಬೆರಳಿಟ್ಟ.

"ಸುರಪುರ. ಒಂದು ಫುಲ್, ಒಂದು ಹಾಫ್. ಹೌದಲ್ಲಪ್ಪ ಪರಮಣ್ಣ?"

ಪರಮಣ್ಣ ಮಗನ ಕಡೆ ನೋಡಿದ.

"ಎರಡೂ ಫುಲ್ ಕೊಡ್ರಿ ಚಾಚಾ."

ಆ ದಪ್ಪ ದನಿ ಎಲ್ಲಿಂದ ಬಂತೆಂದು ಅಮೀನಸಾಬ ಹ್ಯಾಂಡಲ್ ಹಿಡಿದು ನಿಂತಿದ್ದ ದೊಡ್ಡವರ ಮುಖಗಳನ್ನೆಲ್ಲ ಹುಡುಕಿದ. ಡ್ರೈವರ್ ಕನ್ನಡಿಯಲ್ಲಿ ಹುಡುಕಿದ. ಕೊನೆಗೆ ಅಮೀನಸಾಬನ ಕಣ್ಣು ಕೆಳಗಿಳಿದು, ಅಷ್ಟೇನೂ ಕೆಳಗಿಲ್ಲದ ಒಂದು ಮುಖದ ಮೇಲೆ ನಿಂತಿತು. ಆ ಮುಖದ ಮೇಲ್ತುಟಿಯ ಮೇಲೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಹದಿನೇಳು ಕೂದಲಿದ್ದವು. ಪರಮಣ್ಣ ಎರಡು ಸಲ ಎಣಿಸಿದ್ದ.

"ಅರೇ ವಾಹ್!" ಎಂದ ಅಮೀನಸಾಬ. "ಯಾವಾಗ ಆತೋ ಇದು?"

"ತಡಾ ಆತ್ರಿ" ಎಂದ ವೆಂಕಟಪ್ಪ. "ಆದ್ರ ಆತು."

ಟಿಕೀಟು ಚರ್ರನೆ ಹರಿಯಿತು. ಹುಡುಗ ಅದನ್ನು ಮಡಚದೆ ಅಂಗಿಯ ಕಿಸೆಯಲ್ಲಿ, ಹೊರಗೆ ಕಾಣುವಂತೆ ಇಟ್ಟುಕೊಂಡ. ಸುರಪುರದಲ್ಲಿ ಇಳಿದು ಕಾಲೇಜಿನ ಬಾಗಿಲಿಗೆ ಬಂದಾಗ ಕಾವಲುಗಾರ ಅಡ್ಡ ಕೈ ಹಿಡಿದ. ಹಿಡಿದದ್ದು ಪರಮಣ್ಣನಿಗೆ.

"ಪಾಲಕರು ಹೊರಗ ನಿಲ್ರಿ. ವಿದ್ಯಾರ್ಥಿ ಒಬ್ಬರೇ ಒಳಗ."

ಮೀಸೆಯಿಲ್ಲದ ಪರಮಣ್ಣ ಆ ಬಿಸಿಲಲ್ಲಿ ಕಾಂಪೌಂಡಿನ ಹೊರಗೆ ಸಂಜೆಯವರೆಗೆ ನಿಂತ. ಹೋಗಿಬರುವವರನ್ನೆಲ್ಲ ನಿಲ್ಲಿಸಿ ಬೆರಳು ತೋರಿಸಿ ಹೇಳಿದ, "ಒಳಗ ಹೋದಾಂವ ನನ್ನ ಮಗ. ಐದು ತಿಂಗಳಾಗ ನಾಕೇ ನಾಕು ಸೆಂಟಿಮೀಟರ್ ಬೆಳದಾನ!"

ಒಬ್ಬರೂ ನಂಬಲಿಲ್ಲ. ಪರಮಣ್ಣನ ಬಾಯಿಂದ ಬಂದದ್ದು ನಾಲ್ಕೇ ಆಗಿದ್ದರೆ, ಹುಡುಗ ಕಡಿಮೆಯೆಂದರೂ ನಲವತ್ತು ಬೆಳೆದಿರಬೇಕೆಂದು ಅವರೆಲ್ಲ ತಿಳಿದರು. ಸುರಪುರ ಸೀಮೆಯಲ್ಲಿ ಇವತ್ತಿಗೂ ಲೆಕ್ಕ ನಲವತ್ತೇ.